ಒಡಹುಟ್ಟಿದವರ ಜೊತೆ ಬೈಕ್‌ನಲ್ಲಿ ಲಡಾಖ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಹೊರಗೆ ಹೆದ್ದಾರಿಗೆ ಕಾಣುವ ಹಾಗೆ ನಮ್ಮ ತಾತನ ದ್ರಾಕ್ಷಿ ತೋಟ ಇತ್ತು. ಬೇಸಿಗೆ ರಜೆಯಲ್ಲಿ ಚಪ್ಪರದ ನೆರಳಲ್ಲಿ ಕೂತು ಲಾರಿಗಳ ನಂಬರ್ ಓದುವುದು ನಮ್ಮ ನಾಲ್ವರ ಆಟ. ಪಂಜಾಬಿನ ಲಾರಿ ಕಂಡರೆ ಐದು ಅಂಕ, ಜಮ್ಮು ಕಾಶ್ಮೀರದ್ದು ಕಂಡರೆ ಹತ್ತು. ಆಗ ಅದನ್ನು ಎನ್‌ಎಚ್ 7 ಅನ್ನುತ್ತಿದ್ದರು. ಈಗ ಅದೇ ರಸ್ತೆ ಎನ್‌ಎಚ್ 44. ಕನ್ಯಾಕುಮಾರಿಯಿಂದ ಶ್ರೀನಗರದವರೆಗೆ 3,700 ಕಿ.ಮೀ.ಗೂ ಜಾಸ್ತಿ, ದೇಶದಲ್ಲೇ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ.

2023ರ ಸೆಪ್ಟೆಂಬರ್‌ನಲ್ಲಿ ಅಣ್ಣ, ನಾನು, ತಮ್ಮ ಮೂವರೂ ಆ ರಸ್ತೆ ಹಿಡಿದು ಲಡಾಖ್‌ನ ಲೇಹ್‌ಗೆ ಹೋಗಿ ಬಂದೆವು. ಎರಡು ಬೈಕ್, 26 ದಿನ. ಅಕ್ಕ ಮನೆಯಲ್ಲಿದ್ದಳು. ಬಂದ ಮೇಲೆ ಚಿಕ್ಕಪ್ಪನ ಮಕ್ಕಳು, ಆಫೀಸಿನವರು, ಗೆಳತಿಯರು ಕೇಳಿದ್ದೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ.

ಒಟ್ಟು ಎಷ್ಟು ದೂರ, ಎಷ್ಟು ದಿನ ಬೇಕು?

ಬೆಂಗಳೂರಿನ ಕಡೆಯಿಂದ ಲೇಹ್‌ಗೆ ಒಂದು ಕಡೆಗೆ ಸುಮಾರು 3,200ರಿಂದ 3,400 ಕಿ.ಮೀ. ಆಗುತ್ತದೆ. ಹೋಗಿ ಬಂದು, ಅಲ್ಲಿ ಸುತ್ತಾಡಿದ್ದು ಸೇರಿದರೆ 7,000 ಅಂತ ಇಟ್ಟುಕೊಳ್ಳಿ. ನಾವು ಮೊದಲ ದಿನ ಹೈದರಾಬಾದ್, ಎರಡನೇ ದಿನ ನಾಗಪುರ, ಮೂರನೇ ದಿನ ಮಧ್ಯಪ್ರದೇಶದ ಸಾಗರ್, ನಾಲ್ಕನೇ ದಿನ ಆಗ್ರಾ ತಲುಪಿದೆವು. ಆಗ್ರಾದಲ್ಲಿ ಒಂದು ದಿನ ಸುಮ್ಮನೆ ಉಳಿದೆವು. ಆಮೇಲೆ ಅಂಬಾಲಾ, ಜಮ್ಮು, ಶ್ರೀನಗರ. ಅಲ್ಲೂ ಒಂದು ದಿನ ವಿಶ್ರಾಂತಿ. ನಂತರ ಕಾರ್ಗಿಲ್, ಲೇಹ್.

ನಾಲ್ಕು ಪಥದ ರಸ್ತೆಯಲ್ಲಿ ದಿನಕ್ಕೆ 400–500 ಕಿ.ಮೀ. ಸಾಕು. ಬೆಟ್ಟದಲ್ಲಿ 200 ಆದರೂ ಕೈ, ಸೊಂಟ ಎರಡೂ ಸೋತಿರುತ್ತವೆ. ನಕ್ಷೆಯಲ್ಲಿ 200 ಕಿ.ಮೀ.ಗೆ ಐದು ಗಂಟೆ ಅಂತ ತೋರಿಸಿದರೆ ಎಂಟು ಗಂಟೆ ಅಂದುಕೊಳ್ಳಿ. ವಿಶ್ರಾಂತಿ ದಿನಗಳನ್ನು ಪಟ್ಟಿಯಲ್ಲಿ ಮೊದಲೇ ಬರೆದಿಡಿ, ಆಮೇಲೆ ಊರುಗಳನ್ನು ತುಂಬಿಸಿ. ಊರುಗಳನ್ನು ಮೊದಲು ತುಂಬಿಸಿದರೆ ವಿಶ್ರಾಂತಿಗೆ ದಿನ ಉಳಿಯುವುದೇ ಇಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ. ಹಿಂದಿನ ದೀಪ ಇಲ್ಲದೆ ನಿಂತ ಲಾರಿ, ರಸ್ತೆ ಮಧ್ಯೆ ಮಲಗಿದ ದನ, ಎದುರುಗಡೆಯಿಂದ ಬರುವ ಟ್ರ್ಯಾಕ್ಟರ್, ಮೂರನ್ನೂ ನಾವು ನೋಡಿದ್ದೇವೆ. ಬೆಳಗ್ಗೆ ಬೇಗ ಹೊರಟು ಸಂಜೆ ಐದಕ್ಕೆ ರೂಮು ಹಿಡಿಯುವುದು ನಮ್ಮ ರೂಢಿಯಾಗಿತ್ತು.

ಶ್ರೀನಗರದ ದಾರಿ ಒಳ್ಳೆಯದಾ, ಮನಾಲಿ ದಾರಿಯಾ?

ಹೋಗುವಾಗ ಶ್ರೀನಗರ, ಬರುವಾಗ ಮನಾಲಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಕಾರಣ ಎತ್ತರ. ಶ್ರೀನಗರದ ದಾರಿಯಲ್ಲಿ ಜೋಜಿ ಲಾ ಕಣಿವೆದಾರಿ 3,528 ಮೀಟರ್ (ಲಾ ಅಂದರೆ ಬೆಟ್ಟಸಾಲನ್ನು ದಾಟುವ ದಾರಿ). ಅದನ್ನು ದಾಟಿ ಮತ್ತೆ ಇಳಿದು ಕಾರ್ಗಿಲ್‌ನಲ್ಲಿ ಮಲಗುತ್ತೀರಿ. ಕಾರ್ಗಿಲ್ ಸುಮಾರು 2,700 ಮೀಟರ್. ಮಾರನೇ ದಿನ ಫೋಟು ಲಾ ಹತ್ತಿ ಇಳಿದು 3,500 ಮೀಟರ್‌ನ ಲೇಹ್ ಸೇರುತ್ತೀರಿ. ಮೈ ನಿಧಾನವಾಗಿ ಒಗ್ಗುತ್ತದೆ. ಮನಾಲಿ ಕಡೆಯಿಂದ ಹೋದರೆ ಹೆಚ್ಚಿನವರು ಸರ್ಚುವಿನಲ್ಲಿ ತಂಗುತ್ತಾರೆ. ಅದು ಸುಮಾರು 4,300 ಮೀಟರ್. ಎರಡು ಸಾವಿರ ಮೀಟರ್‌ನ ಮನಾಲಿಯಿಂದ ನೇರ ಅಲ್ಲಿಗೆ ಹೋಗಿ ಮಲಗುವುದು ಮೈಗೆ ದೊಡ್ಡ ಏಟು. ಬರುವಾಗ ಆದರೆ ಲೇಹ್‌ನಲ್ಲಿ ವಾರ ಕಳೆದಿರುತ್ತೀರಿ, ಸರ್ಚು ಏನೂ ಅನ್ನಿಸುವುದಿಲ್ಲ.

ಜೋಜಿ ಲಾದಲ್ಲಿ ವಾಹನಗಳನ್ನು ಒಮ್ಮೆಗೆ ಒಂದೇ ದಿಕ್ಕಿಗೆ ಬಿಡುವ ದಿನಗಳು ಇರುತ್ತವೆ. ಹಿಂದಿನ ರಾತ್ರಿಯೇ ಸಮಯ ಕೇಳಿಟ್ಟುಕೊಳ್ಳಿ. ಸೋನಾಮಾರ್ಗ್‌ನ ಸುರಂಗ 2025ರ ಜನವರಿಯಲ್ಲಿ ತೆರೆದಿದೆ, ನಾವು ಹೋದಾಗ ಇರಲಿಲ್ಲ. ಜಮ್ಮು–ಶ್ರೀನಗರ ಮಧ್ಯೆ ರಾಂಬನ್ ಹತ್ತಿರ ಮಳೆ ಬಂದರೆ ಗುಡ್ಡ ಕುಸಿದು ದಾರಿ ಮುಚ್ಚುತ್ತದೆ. ಅಲ್ಲಿನ ದಾರಿ, ಪರಿಸ್ಥಿತಿ ಎರಡನ್ನೂ ಹೊರಡುವ ವಾರ ಒಮ್ಮೆ, ಜಮ್ಮು ಮುಟ್ಟಿದ ಮೇಲೆ ಇನ್ನೊಮ್ಮೆ ವಿಚಾರಿಸಿ.

ಯಾವ ತಿಂಗಳು ಹೊರಡಬೇಕು?

ಮನಾಲಿ–ಲೇಹ್ ರಸ್ತೆ ಹಿಮ ತೆರವಾಗಿ ಮೇ ಹೊತ್ತಿಗೆ, ಕೆಲವು ವರ್ಷ ಅದಕ್ಕೂ ಮೊದಲೇ ತೆರೆದು ಅಕ್ಟೋಬರ್‌ವರೆಗೆ ಇರುತ್ತದೆ. ದಕ್ಷಿಣದಿಂದ ಹೊರಡುವ ನಮಗೆ ಇನ್ನೊಂದು ಲೆಕ್ಕವೂ ಇದೆ. ಮೇ ತಿಂಗಳಲ್ಲಿ ನಾಗಪುರ, ಝಾನ್ಸಿ ಕಡೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಹೆಲ್ಮೆಟ್, ಜಾಕೆಟ್ ಹಾಕಿಕೊಂಡು ಅದರಲ್ಲಿ ಓಡಿಸುವುದು ಅಪಾಯ. ಜುಲೈ, ಆಗಸ್ಟ್‌ನಲ್ಲಿ ಮಳೆ, ಹಿಮಾಚಲದಲ್ಲಿ ಭೂಕುಸಿತ. ಸೆಪ್ಟೆಂಬರ್ ನನಗೆ ಇಷ್ಟ. ನಾಗಪುರದವರೆಗೆ ನೆನೆದೆವು ನಿಜ, ಆದರೆ ಲಡಾಖ್‌ನಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು.

ಇದಕ್ಕೆ ದೊಡ್ಡ ಬೈಕೇ ಬೇಕಾ? ಮೂವರಿಗೆ ಎರಡು ಬೈಕ್ ಸಾಕಾ?

ದೊಡ್ಡ ಬೈಕ್ ಬೇಕಿಲ್ಲ. ಲೇಹ್ ಆಚೆಯ ಎತ್ತರದ ಖರ್ದುಂಗ್ ಲಾದ ಮೇಲೆ ಸ್ಪ್ಲೆಂಡರ್ ಕೂಡ ನಿಂತಿರುತ್ತದೆ. ನಮ್ಮಲ್ಲಿ ಅಣ್ಣನದು ಹಿಮಾಲಯನ್, ನನ್ನದು ಕ್ಲಾಸಿಕ್ 350. ಹಳೇ ಕಾರ್ಬ್ಯುರೇಟರ್ ಬೈಕ್ ಎತ್ತರದಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯುತ್ತದೆ, ಫ್ಯೂಯಲ್ ಇಂಜೆಕ್ಷನ್ ಇದ್ದರೆ ಆ ಕಷ್ಟ ಕಡಿಮೆ. ಮುಖ್ಯವಾದದ್ದು ಬೈಕಿನ ತೂಕ. ಮರಳಲ್ಲಿ ಬಿದ್ದರೆ ನೀವೇ ಎತ್ತಿ ನಿಲ್ಲಿಸಲು ಆಗಬೇಕು.

ಮೂವರಿಗೆ ಎರಡು ಬೈಕ್ ನಮಗೆ ಸರಿಹೋಯಿತು. ಒಬ್ಬರಿಗೆ ಯಾವಾಗಲೂ ಕೈಗೆ ಬಿಡುವು ಇರುತ್ತದೆ. ದಾರಿ ನೋಡುವುದು, ಹಿಂದೆ ತಿರುಗಿ ಇನ್ನೊಂದು ಬೈಕ್ ಬರುತ್ತಿದೆಯಾ ಅಂತ ನೋಡುವುದು ಹಿಂದೆ ಕೂತವರ ಕೆಲಸ. ಆದರೆ ಸಾಮಾನು ಕಡಿಮೆ ಇರಬೇಕು. ತಲಾ ಎರಡು ಜೊತೆ ಬಟ್ಟೆ, ಒಂದು ಬೆಚ್ಚನೆ ಜಾಕೆಟ್, ಮಳೆ ಕೋಟು, ಎರಡು ಜೊತೆ ಕೈಗವಸು. ಇಷ್ಟರಲ್ಲಿ ಮುಗಿಸಿ. ಕೈಗವಸು ಒದ್ದೆಯಾದರೆ ಬೆಟ್ಟದಲ್ಲಿ ಒಣಗುವುದಿಲ್ಲ, ಅದಕ್ಕೇ ಎರಡು ಜೊತೆ.

ಬೈಕ್ ಅಪ್ಪನ ಹೆಸರಲ್ಲಿದೆ. ತೊಂದರೆ ಆಗುತ್ತಾ?

ಒಳ್ಳೆ ಪ್ರಶ್ನೆ, ತುಂಬಾ ಮನೆಗಳಲ್ಲಿ ಹೀಗೇ ಇರುತ್ತದೆ. ಲಡಾಖ್‌ನಲ್ಲಿ ಹೊರಗಿನಿಂದ ಬಾಡಿಗೆಗೆ ತಂದ ಬೈಕ್‌ಗಳನ್ನು ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರದ ಕಡೆಗೆ ಬಿಡುವುದಿಲ್ಲ. ಅದಕ್ಕೇ ಅಲ್ಲಿ ಆರ್‌ಸಿಯಲ್ಲಿ ಯಾರ ಹೆಸರಿದೆ ಅಂತ ನೋಡುತ್ತಾರೆ. ಅಪ್ಪನ ಹೆಸರಲ್ಲೋ ಅಣ್ಣನ ಹೆಸರಲ್ಲೋ ಇದ್ದರೆ ಸಂಬಂಧ ತೋರಿಸುವ ದಾಖಲೆ, ಜೊತೆಗೆ ಬೈಕ್ ಕೊಟ್ಟಿದ್ದೇನೆ ಅಂತ ಅವರು ಸಹಿ ಮಾಡಿದ ಪತ್ರ ಇಟ್ಟುಕೊಳ್ಳಿ.

ಆರ್‌ಸಿ, ಡಿಎಲ್, ವಿಮೆ, ಹೊಗೆ ಪರೀಕ್ಷೆಯ ಚೀಟಿ ನಾಲ್ಕೂ ಇರಲೇಬೇಕು. ಡಿಜಿಲಾಕರ್‌ನಲ್ಲಿ ಇದ್ದರೆ ನಡೆಯುತ್ತದೆ. ಆದರೆ ಸಿಗ್ನಲ್ ಇಲ್ಲದ ಕಡೆ ಅದು ತೆರೆಯದೇ ಹೋಗಬಹುದು. ಅಸಲು ಪತ್ರಗಳೂ ಪ್ಲಾಸ್ಟಿಕ್ ಕವರಿನಲ್ಲಿ ಜೊತೆಗಿರಲಿ.

ದಾರಿಯಲ್ಲಿ ಬೈಕ್ ಅದಲುಬದಲು ಮಾಡಿಕೊಳ್ಳಬಹುದಾ?

ಮಾಡಬಹುದು, ಆದರೆ ಎರಡು ವಿಷಯ ಮೊದಲು ನೋಡಿ. ಒಂದು, ತಮ್ಮನ ಡಿಎಲ್ ಗೇರ್ ಬೈಕಿಗೂ ಇದೆಯಾ? ಗೇರ್ ಇಲ್ಲದ ಸ್ಕೂಟರ್‌ಗೆ ಮಾತ್ರ ಮಾಡಿಸಿರುವವರು ಎಷ್ಟೋ ಜನ.

ಎರಡು, ವಿಮೆ. ಬೈಕ್ ವಿಮೆಯ ಜೊತೆ ಕಡ್ಡಾಯವಾಗಿ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕರೇ ಓಡಿಸುತ್ತಿದ್ದರೆ ಅವರಿಗೆ ಮಾತ್ರ. ನನ್ನ ಬೈಕನ್ನು ತಮ್ಮ ಓಡಿಸುವಾಗ ಬಿದ್ದರೆ ಆ ದುಡ್ಡು ಅವನಿಗೆ ಸಿಗುವುದಿಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂದೆ ಕೂತವರ ಗತಿಯೂ ಅನುಮಾನವೇ. ನಾವು ಮೂವರಿಗೂ ಬೇರೆಯಾಗಿ ಅಪಘಾತ ವಿಮೆ ಮಾಡಿಸಿದೆವು. ಒಂದು ಒಳ್ಳೆ ಹೆಲ್ಮೆಟ್‌ಗಿಂತ ಕಡಿಮೆ ಖರ್ಚು. ಹೆಲ್ಮೆಟ್ ಅಂದ ಮೇಲೆ ನೆನಪಾಯಿತು, ಹಿಂದೆ ಕೂರುವವರಿಗೂ ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬೇಕು. ಅರ್ಧ ಟೋಪಿ ಹಾಕಿ ಕೂರಿಸಬೇಡಿ.

ಸರ್ವಿಸ್ ಯಾವಾಗ ಮಾಡಿಸಬೇಕು?

ಹೊರಡುವ ಹಿಂದಿನ ದಿನ ಖಂಡಿತ ಬೇಡ. ಎರಡು ವಾರ ಮೊದಲು ಮಾಡಿಸಿ, ಆಮೇಲೆ 300 ಕಿ.ಮೀ. ಓಡಿಸಿ. ನನ್ನ ಬೈಕ್‌ಗೆ ಸರ್ವಿಸ್‌ನಲ್ಲಿ ಚೈನನ್ನು ತಂತಿ ಎಳೆದ ಹಾಗೆ ಬಿಗಿ ಮಾಡಿ ಕೊಟ್ಟಿದ್ದರು. ಲೇಪಾಕ್ಷಿಗೆ ಹೋಗಿ ಬರುವಾಗ ಗುರ್ ಗುರ್ ಅಂದಿದ್ದಕ್ಕೆ ಗೊತ್ತಾಯಿತು. ಹಾಗೇ ಹೊರಟಿದ್ದರೆ ಎಲ್ಲಿ ನಿಂತುಬಿಡುತ್ತಿತ್ತೋ.

ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಫ್ಯೂಸ್, ಚೈನ್ ಲಿಂಕ್, ಟ್ಯೂಬ್ ಟೈರ್ ಆದರೆ ಎರಡು ಟ್ಯೂಬ್, ಗಾಳಿ ಪಂಪ್. ಇವು ಬೇಕು. ಇವನ್ನು ಹಾಕಲು ಮೂವರಿಗೂ ಬರಬೇಕು. ನಮ್ಮಲ್ಲಿ ಮೆಕ್ಯಾನಿಕ್ ಕೆಲಸ ಅಣ್ಣನದೇ ಅಂತ ಚಿಕ್ಕಂದಿನಿಂದ ಇತ್ತು. ಹೊರಡುವ ಮೊದಲು ಎರಡು ಭಾನುವಾರ ಅಂಗಳದಲ್ಲಿ ಕೂತು ಅಣ್ಣ ಬರೀ ನೋಡಿದ, ನಾನು, ತಮ್ಮ ಚಕ್ರ ಬಿಚ್ಚಿ ಹಾಕಿದೆವು. ಚೈನಿಗೆ 500 ಕಿ.ಮೀ.ಗೊಮ್ಮೆ ಎಣ್ಣೆ. ಆ ಕೆಲಸ ತಮ್ಮನದು, ಒಂದು ದಿನವೂ ತಪ್ಪಿಸಲಿಲ್ಲ.

ಯಾರು ಮುಂದೆ, ಯಾರು ಹಿಂದೆ?

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹೊರಡುವಾಗ ಯೋಚನೆಯೇ ಮಾಡಲಿಲ್ಲ. ಅಣ್ಣ ಮುಂದೆ. ಸ್ಕೂಲಿಗೆ ಹೋಗುವಾಗಲೂ ಅವನೇ ಮುಂದೆ ನಡೆಯುತ್ತಿದ್ದ, ನಾವು ಹಿಂದೆ. ಮೂರನೇ ದಿನ ನಾಗಪುರ ದಾಟಿ ಸಿವನಿ ಕಡೆ ಹೋಗುವಾಗ ಪೆಂಚ್ ಕಾಡು ಬರುತ್ತದೆ. ಹುಲಿ, ಜಿಂಕೆ ಕೆಳಗೆ ದಾಟಲಿ ಅಂತ ಅಲ್ಲಿ ಹೆದ್ದಾರಿಯನ್ನೇ ಎತ್ತರಿಸಿ ಕಟ್ಟಿದ್ದಾರೆ. ರಸ್ತೆ ನುಣ್ಣಗಿತ್ತು, ಅಣ್ಣ ಎಳೆದುಕೊಂಡು ಹೋಗಿಬಿಟ್ಟ. ನನ್ನ ಬೈಕಿನ ಸೈಡ್ ಬ್ಯಾಗಿನ ಪಟ್ಟಿ ಸಡಿಲವಾಗಿ ಚಕ್ರಕ್ಕೆ ತಾಗುತ್ತಿತ್ತು. ನಾನು, ತಮ್ಮ ನಿಂತೆವು. ಫೋನ್ ಸಿಗಲಿಲ್ಲ. ಒಂದೂವರೆ ಗಂಟೆ ಆದ ಮೇಲೆ 40 ಕಿ.ಮೀ. ಮುಂದೆ ಒಂದು ಢಾಬಾ ಹತ್ತಿರ ಅಣ್ಣ ರಸ್ತೆ ಬದಿ ನಿಂತಿದ್ದ. ಹೆಲ್ಮೆಟ್ ಕೈಯಲ್ಲಿತ್ತು, ಮುಖ ಬಿಳಿಚಿಕೊಂಡಿತ್ತು. ಬೈದೆವು, ಬೈಸಿಕೊಂಡ.

ಅವತ್ತು ರಾತ್ರಿ ಸಾಗರ್‌ನಲ್ಲಿ ಮೂರು ಮಾತು ಮಾಡಿಕೊಂಡೆವು. ನಿಧಾನ ಇರುವವರು ಮುಂದೆ, ವೇಗ ಇರುವವರು ಹಿಂದೆ. ತಿರುವು, ಕವಲು, ಫ್ಲೈಓವರ್ ಯಾವುದೇ ಬರಲಿ, ಹಿಂದಿನ ಬೈಕಿನ ದೀಪ ಕನ್ನಡಿಯಲ್ಲಿ ಕಾಣುವವರೆಗೆ ಮುಂದಿನವರು ಅಲ್ಲೇ ನಿಲ್ಲಬೇಕು. ಯಾರಾದರೂ ಎಡಗೈ ಮೇಲೆತ್ತಿದರೆ ಎಲ್ಲರೂ ಬದಿಗೆ ಹಾಕಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ.

ಮೂರನೆಯದು ನಮ್ಮನ್ನು ಕಾಪಾಡಿತು ಅಂತ ನಾನು ನಂಬುತ್ತೇನೆ. ಗೆಳೆಯರ ಜೊತೆ ಹೋದರೆ ಸುಸ್ತಾಯಿತು ಅಂತ ಬಾಯಿಬಿಟ್ಟು ಹೇಳಬಹುದು. ಒಡಹುಟ್ಟಿದವರ ಮುಂದೆ ಅದು ಕಷ್ಟ. ದೊಡ್ಡವನಿಗೆ ತಾನು ದೊಡ್ಡವನು ಅನ್ನುವುದು ಅಡ್ಡ. ಚಿಕ್ಕವನಿಗೆ 'ನಿನಗೆ ಯಾವಾಗಲೂ ಇದೇ ಆಯ್ತು' ಅನ್ನಿಸಿಕೊಳ್ಳುವ ಭಯ. ಕಾರಣ ಕೇಳುವುದಿಲ್ಲ ಅಂತಾದ ಮೇಲೆ ತಮ್ಮ ಮೊದಲ ದಿನವೇ ನಾಲ್ಕು ಸಲ ಕೈ ಎತ್ತಿದ. ಅದಕ್ಕಿಂತ ಹಿಂದಿನ ಮೂರು ದಿನ ಅವನು ಸುಮ್ಮನೆ ಸಹಿಸಿಕೊಂಡು ಕೂತಿದ್ದ ಅಂತ ಆಗ ಗೊತ್ತಾಯಿತು.

ಜಗಳ ಆಗಲ್ವಾ?

ಆಗುತ್ತದೆ. ನಮ್ಮದು ಬೆಳಗಿನ ಜಗಳ. ಅಣ್ಣ ಐದಕ್ಕೇ ಎದ್ದು ಬೂಟು ಹಾಕಿ ಕೂತಿರುತ್ತಿದ್ದ, ತಮ್ಮ ಸಾಮಾನು ಕಟ್ಟಲು ಒಂದು ಗಂಟೆ ಮಾಡುತ್ತಿದ್ದ. ಹೊತ್ತು ಬದಲಾಯಿಸಿ ಏನೂ ಆಗಲಿಲ್ಲ. ರಾತ್ರಿಯೇ ಬ್ಯಾಗ್ ಕಟ್ಟಿ ಬಾಗಿಲ ಹತ್ತಿರ ಇಟ್ಟು ಮಲಗಲು ಶುರುಮಾಡಿದ ಮೇಲೆ ಸರಿಹೋಯಿತು.

ಒಂದು ಮಾತು ನೆನಪಿಡಿ. ಸಂಜೆ ನಾಲ್ಕರ ಮೇಲೆ ಏನನ್ನೂ ತೀರ್ಮಾನ ಮಾಡಬೇಡಿ. ಹಸಿವು, ಸೊಂಟನೋವು, ಧೂಳು ಸೇರಿ ಇಪ್ಪತ್ತು ವರ್ಷದ ಹಿಂದಿನ ಸೈಕಲ್ ಜಗಳವೂ ಎದ್ದು ಬರುತ್ತದೆ. ಊಟ ಆಗಲಿ, ಸ್ನಾನ ಆಗಲಿ, ಆಮೇಲೆ ನಾಳೆಯ ಮಾತು.

ದುಡ್ಡು ಎಷ್ಟು ಬೇಕು? ಲೆಕ್ಕ ಹೇಗೆ ಇಡೋದು?

ನಮ್ಮ ಮೂವರಿಗೆ ಸೇರಿ ಒಂದೂವರೆ ಲಕ್ಷದ ಹತ್ತಿರ ಆಯಿತು. ಬೈಕ್ ಲೀಟರ್‌ಗೆ 30 ಕಿ.ಮೀ. ಕೊಟ್ಟರೆ 7,000 ಕಿ.ಮೀ.ಗೆ ಸುಮಾರು 235 ಲೀಟರ್ ಪೆಟ್ರೋಲ್. ನೂರರ ಲೆಕ್ಕದಲ್ಲಿ ಒಂದು ಬೈಕ್‌ಗೆ 23–24 ಸಾವಿರ. ರೂಮು, ಊಟ ಅದಕ್ಕಿಂತ ಸ್ವಲ್ಪ ಜಾಸ್ತಿ. ಟೈರ್, ಸರ್ವಿಸ್, ಕೈಗವಸು ಅಂತ ಹೊರಡುವ ಮೊದಲೇ ಹೋಗುವ ದುಡ್ಡನ್ನು ಜನ ಮರೆಯುತ್ತಾರೆ.

ಅಣ್ಣನ ಸಂಬಳ ಜಾಸ್ತಿ, ತಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದ. 'ನಾನೇ ಹಾಕ್ತೀನಿ ಬಿಡು' ಅಂತ ಅಣ್ಣ ಅಂದರೆ ಎಲ್ಲಿ ಉಳಿಯುವುದು, ಏನು ತಿನ್ನುವುದು ಎಲ್ಲವೂ ಅಣ್ಣನ ಮಾತೇ ಆಗಿಬಿಡುತ್ತದೆ. ಅದಕ್ಕೆ ಒಂದು ಹುಂಡಿ ಮಾಡಿದೆವು. ಎಂಟು ತಿಂಗಳು ಮೊದಲಿನಿಂದ ಮೂವರೂ ತಿಂಗಳಿಗೆ ಒಂದಿಷ್ಟು ಹಾಕಿದೆವು, ಅಣ್ಣ ಐದು ಸಾವಿರ ಹಾಕಿದರೆ ತಮ್ಮ ಮೂರು. ಹಾಕಿದ ಮೇಲೆ ಯಾರದು ಎಷ್ಟು ಅನ್ನುವ ಮಾತಿಲ್ಲ. ಹುಂಡಿ ತಮ್ಮನ ಕೈಯಲ್ಲಿ. ಅವನು ಪುಟ್ಟ ನೋಟ್‌ಬುಕ್ಕಿನಲ್ಲಿ ಟೀ ದುಡ್ಡನ್ನೂ ಬರೆದ. ಬೆಟ್ಟದಲ್ಲಿ ಯುಪಿಐ ನಂಬಬೇಡಿ, ಶ್ರೀನಗರದಲ್ಲೇ ನಗದು ತೆಗೆದುಕೊಂಡು ಮೂರು ಕಡೆ ಹಂಚಿ ಇಟ್ಟುಕೊಳ್ಳಿ.

ಅಪ್ಪ ಅಮ್ಮನನ್ನು ಒಪ್ಪಿಸೋದು ಹೇಗೆ?

'ಮಕ್ಕಳೆಲ್ಲ ಒಂದೇ ಸಲ ಹೋಗ್ತೀರಲ್ಲ' ಅನ್ನುವುದೇ ನಮ್ಮಮ್ಮನ ಸಂಕಟ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಸುಳ್ಳು ಹೇಳಲಿಲ್ಲ. ದಿನದಿನದ ಪಟ್ಟಿ ಬರೆದು ದೇವರ ಮನೆ ಪಕ್ಕ ಗೋಡೆಗೆ ಅಂಟಿಸಿದೆವು. ರಾತ್ರಿ ಎಂಟಕ್ಕೆ ದಿನಕ್ಕೊಂದು ಕರೆ. ದಾರಿಯಲ್ಲಿ ಫೋನ್ ಎತ್ತುವುದಿಲ್ಲ ಅಂತಲೂ ಹೇಳಿದೆವು. ಸರ್ಚು ಕಡೆ ಒಂದೆರಡು ದಿನ ಫೋನ್ ಬರದೇ ಇರಬಹುದು ಅಂತ ಆ ಪಟ್ಟಿಯಲ್ಲೇ ಕೆಂಪು ಇಂಕಿನಲ್ಲಿ ಬರೆದಿದ್ದೆವು. ಮೊದಲೇ ಗೊತ್ತಿದ್ದರೆ ಭಯ ಕಡಿಮೆ.

ಇದಕ್ಕೆ ಸೇರಿದ ಮುಖ್ಯ ವಿಷಯ: ನಮ್ಮ ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು. ಒಂದು ತಿಂಗಳು ಮೊದಲೇ ಬದಲಾಯಿಸಿ. ಮೂವರೂ ಒಂದೇ ಕಂಪನಿಯ ಸಿಮ್ ಇಟ್ಟುಕೊಳ್ಳಬೇಡಿ, ಒಂದು ಸಿಗದಿದ್ದಾಗ ಇನ್ನೊಂದು ಸಿಗುತ್ತದೆ.

ಅಮ್ಮ ಒಪ್ಪಿದ್ದು ಹೇಗೆ ಗೊತ್ತಾ? ತಮ್ಮ ನದಿಗಳ ಹೆಸರು ಓದಿ ಹೇಳಿದ. ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್ ಹತ್ತಿರ ಗೋದಾವರಿ, ಆಮೇಲೆ ನರ್ಮದೆ, ಚಂಬಲ್, ಯಮುನೆ. ಪಂಜಾಬ್ ದಾಟುವಾಗ ಸಟ್ಲೆಜ್, ಬಿಯಾಸ್, ರಾವಿ. ಜಮ್ಮುವಿನಲ್ಲಿ ತಾವಿ, ರಾಂಬನ್‌ನಲ್ಲಿ ಚೆನಾಬ್, ಶ್ರೀನಗರದಲ್ಲಿ ಝೇಲಂ, ಕೊನೆಗೆ ಲೇಹ್‌ನಲ್ಲಿ ಸಿಂಧೂ. ಅಮ್ಮ ಒಳಗೆ ಹೋಗಿ ಅಡಿಕೆ ಚೀಲದಲ್ಲಿ ಒಂದು ರೂಪಾಯಿ ನಾಣ್ಯ ತುಂಬಿ ತಂದು ಕೊಟ್ಟಳು. ಪ್ರತಿ ಸೇತುವೆಯಲ್ಲೂ ಒಂದು ಹಾಕಬೇಕು ಅಂದಳು.

ಎತ್ತರದ ಕಾಯಿಲೆಗೆ ಏನು ಮಾಡಬೇಕು?

ಬೇರೆ ಏನನ್ನು ಬಿಟ್ಟರೂ ಇದನ್ನು ಓದಿ.

ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗ. 5,359 ಮೀಟರ್‌ನ ಖರ್ದುಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. ಗಟ್ಟಿಮುಟ್ಟಾದವರಿಗೆ ಬರುವುದಿಲ್ಲ ಅನ್ನುವುದು ಸುಳ್ಳು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುತ್ತಾರೆ. ಲೇಹ್ ಸೇರಿದ ಮೇಲೆ ಎರಡು ದಿನ ಏನೂ ಮಾಡಬೇಡಿ. ನೀರು ಕುಡಿಯಿರಿ, ಮದ್ಯ ಮುಟ್ಟಬೇಡಿ. ಡಯಾಮಾಕ್ಸ್ ಮಾತ್ರೆಯನ್ನು ಊರಿನಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಸಲ್ಫಾ ಔಷಧಿ ಆಗದವರು ಅದನ್ನು ಅವರಿಗೆ ಹೇಳಲೇಬೇಕು.

ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಕೆಳಗೆ ಇಳಿಯಬೇಕು ಅಥವಾ ಆಸ್ಪತ್ರೆಗೆ ಹೋಗಬೇಕು. ಲೇಹ್‌ನಲ್ಲಿ ಸೋನಮ್ ನೊರ್ಬು ಹೆಸರಿನ ಸರ್ಕಾರಿ ಆಸ್ಪತ್ರೆ ಇದೆ. ಇಂಥ ರೋಗಿಗಳನ್ನು ದಿನಾ ನೋಡುವವರು ಅಲ್ಲಿದ್ದಾರೆ.

ಈಗ ನಮ್ಮ ಕಥೆ. ಲೇಹ್ ಸೇರಿದ ಸಂಜೆ ಅಣ್ಣ ಮೂರನೇ ಮಹಡಿಗೆ ಎಲ್ಲರ ಬ್ಯಾಗನ್ನೂ ತಾನೇ ಹೊತ್ತು ಹಾಕಿದ. ಹೇಗಿದ್ದೀಯಾ ಅಂದರೆ 'ನನಗೇನಾಗಿದೆ?' ಅಂದ. ನಾನು ನಂಬಿದೆ. ತಮ್ಮ ನಂಬಲಿಲ್ಲ. ಅವನು ನನ್ನ ಕೈ ಹಿಡಿದು ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಅಣ್ಣನ ಲೋಟ ತೋರಿಸಿದ. ಅರ್ಧ ಟೀ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ನಮ್ಮಣ್ಣ ಹುಟ್ಟಿದಾಗಿನಿಂದ ಟೀ ಬಿಟ್ಟವನಲ್ಲ. ಜ್ವರ ಬಂದಾಗಲೂ ಲೋಟ ಖಾಲಿ ಮಾಡಿಯೇ ಇಡುವವನು. ಕೇಳಿ ಕೇಳಿ ಸಾಕಾದ ಮೇಲೆ ಹೇಳಿದ: ಕಾರ್ಗಿಲ್ ಬಿಟ್ಟಾಗಿನಿಂದ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿ ಆಗಿದೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಆಮ್ಲಜನಕ ಕೊಟ್ಟರು. ಎರಡು ದಿನದ ಬದಲು ನಾಲ್ಕು ದಿನ ಅಲ್ಲೇ ಇದ್ದೆವು, ಪ್ಯಾಂಗಾಂಗ್ ಕೈಬಿಟ್ಟೆವು. ಬೇಸರ ಆಗಲಿಲ್ಲ.

ಒಡಹುಟ್ಟಿದವರು ಮುಚ್ಚಿಡುವುದರಲ್ಲಿ ಗಟ್ಟಿಗರು ಅಂದೆನಲ್ಲ, ಕಂಡುಹಿಡಿಯುವುದರಲ್ಲೂ ಅವರೇ ಗಟ್ಟಿಗರು. ಹೇಗಿದ್ದೀಯಾ ಅಂತ ಬಾಯಲ್ಲಿ ಕೇಳಿ ಬಿಡಬೇಡಿ. ತಟ್ಟೆ ನೋಡಿ, ಲೋಟ ನೋಡಿ, ಮಲಗಿದ ಭಂಗಿ ನೋಡಿ. ತಂಗಿ ಹಾಡು ಗುನುಗುವುದು ನಿಲ್ಲಿಸಿದಳಾ, ಅಣ್ಣ ಬೈಯುವುದು ನಿಲ್ಲಿಸಿದನಾ ಅಂತ ಗಮನಿಸಿ. ಅದು ನಿಮಗೆ ಬಿಟ್ಟು ಬೇರೆ ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ.

ಲೇಹ್–ಮನಾಲಿ ದಾರಿಯಲ್ಲಿ ಪೆಟ್ರೋಲ್, ನೀರು ಹರಿಯುವ ಜಾಗಗಳ ಬಗ್ಗೆ ಹೇಳಿ.

ಲೇಹ್ ಬಿಟ್ಟು ಕಾರು ಅನ್ನುವ ಊರಿನಲ್ಲಿ ಟ್ಯಾಂಕ್ ತುಂಬಿಸಿ. ಆಚೆ ತುದಿಯಲ್ಲಿ ತಾಂಡಿ ಬಂಕಿನ ಹತ್ತಿರ 'ಮುಂದಿನ ಬಂಕ್ 365 ಕಿ.ಮೀ.' ಅಂತ ಫಲಕ ಇರುವುದು ಬೈಕ್ ಓಡಿಸುವವರಿಗೆಲ್ಲ ಗೊತ್ತು. ಅದೇ ನಿಮ್ಮ ಲೆಕ್ಕ. ಬೈಕಿಗೆ ಐದು ಲೀಟರ್ ಹೆಚ್ಚಿಗೆ ಒಳ್ಳೆ ಕ್ಯಾನಿನಲ್ಲಿ ಇರಲಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಬೇಡ.

ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುವ ಜಾಗಗಳಿಗೆ ಅಲ್ಲಿ ನಾಲಾ ಅನ್ನುತ್ತಾರೆ. ಬಿಸಿಲೇರಿದಂತೆ ನೀರು ಏರುತ್ತದೆ. ಬೆಳಗ್ಗೆ ಮೀನಖಂಡದವರೆಗೆ ಇದ್ದದ್ದು ಮಧ್ಯಾಹ್ನ ಮೊಣಕಾಲು ದಾಟುತ್ತದೆ. ಆದಷ್ಟು ಬೆಳಗ್ಗೆಯೇ ದಾಟಿ. ಮೊದಲನೇ ಗೇರ್, ಒಂದೇ ಸಮ ಆಕ್ಸಿಲರೇಟರ್, ನಡುವೆ ಕ್ಲಚ್ ಹಿಡಿಯಬೇಡಿ. ಹಿಂದೆ ಕೂತವರು ಇಳಿದು ನಡೆದು ದಾಟಲಿ. ಬಾರಾಲಾಚಾ ಲಾ ಇಳಿದ ಮೇಲೆ ಒಂದು ನಾಲಾದಲ್ಲಿ ತಮ್ಮ ಬೂಟು ಬಿಚ್ಚಿ ಚಪ್ಪಲಿಯಲ್ಲಿ ಇಳಿದ. ಆ ನೀರು ಕಾಲನ್ನು ಸುಡುತ್ತದೆ. ಬೂಟು ನೆನೆದರೂ ಪರವಾಗಿಲ್ಲ, ಬಿಚ್ಚಬೇಡಿ.

ಮನಾಲಿಗೆ ಮುಂಚೆ ಸಿಗುವ ಅಟಲ್ ಸುರಂಗ 9.02 ಕಿ.ಮೀ. ಉದ್ದ, ಬೈಕ್ ಬಿಡುತ್ತಾರೆ. ಹಳೇ ರೋಹ್ತಂಗ್ ಕಣಿವೆದಾರಿ ನೋಡಬೇಕೆಂದರೆ ಮಾತ್ರ ಅನುಮತಿ ಬೇಕು.

ಬೈಕಿಗೆ ಟೋಲ್ ಇದೆಯಾ? ಯಾವ ರಸ್ತೆಯಲ್ಲಿ ಬಿಡಲ್ಲ?

ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಬೈಕಿಗೆ ದುಡ್ಡಿಲ್ಲ, ಎಡಗಡೆಯ ಸಣ್ಣ ದಾರಿಯಲ್ಲಿ ಹೋಗಿ. ಆಗ್ರಾ–ನೊಯಿಡಾ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್ ಬಿಡುತ್ತಾರೆ, ಆದರೆ ಟೋಲ್ ಕಟ್ಟಬೇಕು. ಹೈದರಾಬಾದ್ ಹೊರವರ್ತುಲ ರಸ್ತೆಯ ಮುಖ್ಯ ಪಥದಲ್ಲಿ ಬೈಕ್ ಬಿಡುವುದಿಲ್ಲ, ಪಕ್ಕದ ಸರ್ವಿಸ್ ರಸ್ತೆ ಹಿಡಿಯಿರಿ. ನಕ್ಷೆಯ ಆ್ಯಪ್‌ನಲ್ಲಿ ದ್ವಿಚಕ್ರ ವಾಹನ ಅಂತ ಆರಿಸಿಕೊಂಡರೆ ಈ ಗೊಂದಲ ಕಡಿಮೆ.

ಅಣ್ಣ ತಮ್ಮನ ಜೊತೆ ಹೋಗುವ ಹೆಣ್ಣುಮಕ್ಕಳಿಗೆ ಏನಾದರೂ ಹೇಳ್ತೀರಾ?

ಶೌಚಾಲಯಕ್ಕೆ ದೊಡ್ಡ ಪೆಟ್ರೋಲ್ ಬಂಕ್‌ಗಳೇ ವಾಸಿ. ಅದನ್ನು ನೋಡಿಕೊಂಡೇ ಎಲ್ಲಿ ನಿಲ್ಲುವುದು ಅಂತ ತೀರ್ಮಾನಿಸಿ, ಮುಜುಗರಕ್ಕೆ ನೀರು ಕುಡಿಯುವುದು ಬಿಡಬೇಡಿ. ಮುಟ್ಟಿನ ದಿನಗಳನ್ನು ಅಣ್ಣ ತಮ್ಮನಿಗೆ ಮೊದಲೇ ಹೇಳಿ. ನಾನು ಹೇಳಿದೆ. ಅವತ್ತು ದೂರ ಕಡಿಮೆ ಮಾಡಿದರು, ಅಷ್ಟೇ. ಮೂವರಿಗೆ ಒಂದೇ ರೂಮು ಕೇಳಿದರೆ ಕೆಲವು ಕಡೆ ನೂರು ಪ್ರಶ್ನೆ ಕೇಳುತ್ತಾರೆ. ಮೂವರ ಆಧಾರ್‌ನಲ್ಲೂ ಒಂದೇ ವಿಳಾಸ ಇದ್ದದ್ದು ಉಪಯೋಗಕ್ಕೆ ಬಂತು. ಇನ್ನೊಂದು, ಹಿಂದಿನ ಸೀಟೇ ನಿಮ್ಮ ಜಾಗ ಅಂತ ಯಾರೂ ಅಂದುಕೊಳ್ಳದಿರಲಿ. ಖರ್ದುಂಗ್ ಲಾವರೆಗೆ ನಾನೇ ಓಡಿಸಿದೆ, ತಮ್ಮ ಹಿಂದೆ ಕೂತಿದ್ದ.

ಊಟಕ್ಕೆ ಏನು ಒಯ್ಯಬೇಕು?

ಹುರಿದ ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ ತಂಬಿಟ್ಟು. ತಂಬಿಟ್ಟು ಆಗ್ರಾದವರೆಗೂ ಬಂತು. ಚಟ್ನಿಪುಡಿ ಇದ್ದರೆ ಢಾಬಾದ ರೊಟ್ಟಿಯೂ ಊರಿನದ್ದಾಗುತ್ತದೆ. ಮಧ್ಯಾಹ್ನ ಹೊಟ್ಟೆ ಬಿರಿಯ ತಿನ್ನಬೇಡಿ, ಬೈಕ್ ಮೇಲೆ ನಿದ್ದೆ ಬರುತ್ತದೆ.

ಎರಡೇ ವಾರ ರಜೆ ಇದೆ. ಆಗುತ್ತಾ?

ಪೂರ್ತಿ ಬೈಕ್‌ನಲ್ಲಿ ಆಗುವುದಿಲ್ಲ. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ದಿಲ್ಲಿಗೆ ಕಳಿಸಿ, ಅಲ್ಲಿಂದ ಹೊರಡಿ. ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಬೈಕಿಗೆ ಗೋಣಿಚೀಲ ಸುತ್ತಿ ಕಟ್ಟುತ್ತಾರೆ. ಕನ್ನಡಿಗಳನ್ನು ಬಿಚ್ಚಿ ಕೈಯಲ್ಲಿ ತೆಗೆದುಕೊಂಡು ಹೋಗಿ. ಬೈಕ್ ನೀವು ಹೋದ ದಿನವೇ ಬರುತ್ತದೆ ಅಂತ ನಂಬಬೇಡಿ, ನಾಲ್ಕು ದಿನ ಮೊದಲೇ ಕಳಿಸಿ. ಹೀಗೆ ಉಳಿದ ದಿನಗಳನ್ನು ಲೇಹ್‌ನ ವಿಶ್ರಾಂತಿಗೆ ಹಾಕಿ. ಅದನ್ನು ಮಾತ್ರ ಕಡಿಮೆ ಮಾಡಬೇಡಿ.

ಒಬ್ಬರಿಗೆ ಬರಲು ಆಗದಿದ್ದರೆ?

ನಮ್ಮಕ್ಕನಿಗೆ ಆಗ ಮಗು ಸಣ್ಣದು. ಬರಬೇಕೆಂಬ ಆಸೆ ನಮ್ಮೆಲ್ಲರಿಗಿಂತ ಅವಳಿಗೇ ಜಾಸ್ತಿ ಇತ್ತು. ಲಾರಿ ಆಟದಲ್ಲಿ ಗೆಲ್ಲುತ್ತಿದ್ದವಳೂ ಅವಳೇ. ಸುಮ್ನೆ ಫೋಟೋ ಕಳಿಸಿ ಕೈತೊಳೆದುಕೊಂಡರೆ ಅವಳಿಗೆ ನೋವಾಗುತ್ತಿತ್ತು. ಅದಕ್ಕೆ ಅವಳಿಗೆ ನಿಜವಾದ ಕೆಲಸ ಕೊಟ್ಟೆವು. ನಮ್ಮ ದಾಖಲೆ, ವಿಮೆ, ರಕ್ತದ ಗುಂಪು ಎಲ್ಲ ಅವಳ ಹತ್ತಿರ. ದಿನಾ ಬೆಳಗ್ಗೆ ಮುಂದಿನ ಊರಿನ ಹವಾಮಾನ, ದಾರಿ ಸುದ್ದಿ ನೋಡಿ ಸಂದೇಶ ಕಳಿಸುತ್ತಿದ್ದಳು. ರಾಂಬನ್‌ನಲ್ಲಿ ಮಳೆ ಅಂತ ಅವಳು ಹೇಳಿದ್ದಕ್ಕೇ ಜಮ್ಮುವಿನಿಂದ ನಾವು ಎರಡು ಗಂಟೆ ತಡವಾಗಿ ಹೊರಟೆವು.

ಸಿಂಧೂ ದಡದಲ್ಲಿ ನಾಣ್ಯ ಹಾಕುವಾಗ ಚೀಲದಲ್ಲಿ ಒಂದನ್ನು ಉಳಿಸಿ ತಂದು ಅವಳ ಕೈಗೆ ಕೊಟ್ಟೆವು. ಅವಳು ಈಗ ಗೇರ್ ಬೈಕ್ ಕಲಿಯುತ್ತಿದ್ದಾಳೆ. ಮುಂದಿನ ಸೆಪ್ಟೆಂಬರ್‌ನಲ್ಲಿ ಜಮ್ಮುವರೆಗೆ ರೈಲಿನಲ್ಲಿ ಬರುತ್ತಾಳೆ, ಅಲ್ಲಿಂದ ನನ್ನ ಹಿಂದೆ ಕೂರುತ್ತಾಳೆ, ಕಾರ್ಗಿಲ್ ದಾಟಿದ ಮೇಲೆ ನಾನು ಅವಳ ಹಿಂದೆ.